ಅವರೆಸಿಪ್ಪೆಯ ಹಸಿರು

ಹಳೆಯ ಮೋಟಾರು ಗಾಡಿಗಳ ವಿಷಯವಾಗಿ ಈ ಅಂಕಣದಲ್ಲಿ ಒಂದೆರಡು ಸಲ ಪ್ರಸಂಗವಶಾತ್ ಬರೆದದ್ದೇ ನೆವವಾಗಿ, ಮಧುಗಿರಿಯಿಂದಲೂ ಕೊರಟಗೆರೆಯಿಂದಲೂ ಪಾವಗಡದಿಂದಲೂ ನನಗೆ ಬರುವ ಕಾಗದಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಕಾಣಿಸಿಕೊಳ್ಳುತ್ತಲಿದೆ. ತಂದೆಯವರ ಕಾಲದ ಅಂಬಾಸಿಡರು ಮನೆಯ ಹಿಂದೆ ನಿಂತಿದೆ, ಅಥವಾ ಮಾವನವರ ಫಿಯಟ್ಟು ಕೊಟ್ಟಿಗೆಯ ಮೂಲೆಯಲ್ಲಿದೆ; ಅದನ್ನು ಜೀರ್ಣೋದ್ಧಾರ ಮಾಡಿ ಮತ್ತೆ ರಸ್ತೆಗೆ ತರಬೇಕೆಂಬ ಆಸೆಯಿದೆ; ಯಾವ ಬಣ್ಣ ಹೊಡೆಸಿದರೆ ಚೆನ್ನ? ಎಂಜಿನ್ನಿನ ಮಾತನ್ನಾಗಲಿ ಬ್ರೇಕಿನ ಮಾತನ್ನಾಗಲಿ ಕೇಳುವವರು ವಿರಳ. ಬಣ್ಣದ ಮಾತನ್ನು ಕೇಳದವರೇ ಇಲ್ಲ. ಬಾಲ್ಯದಲ್ಲಿ ಹತ್ತಿ ಕುಳಿತ ಗಾಡಿ ನೆನಪಿನಲ್ಲಿ ಉಳಿಯುವುದು ಬಣ್ಣದ ರೂಪದಲ್ಲಿಯೇ ಆದ್ದರಿಂದ ಇದು ಸ್ವಾಭಾವಿಕವೇ ಸರಿ. ಆದರೆ ಒಂದು ಬಣ್ಣದ ಹೆಸರನ್ನು ಹೇಳಿ ಈ ಪ್ರಶ್ನೆಯನ್ನು ಮುಗಿಸಿಬಿಡಲು ನನಗೆ ಮನಸ್ಸಾಗದು. ನಮ್ಮ ಮನೆಯ ಗಾಡಿಗೆ ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಸಲ ಬಣ್ಣವಾಯಿತು, ಒಮ್ಮೆ ತಪ್ಪಾಗಿ, ಒಮ್ಮೆ ಸರಿಯಾಗಿ. ಆ ವೃತ್ತಾಂತವನ್ನು ಹೇಳಿದರೆ ಉತ್ತರ ಅದರೊಳಗೇ ಬಂದೀತು.

ನಮ್ಮೂರು ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯದು. ಶಿರಾದ ಎಣ್ಣೆ ಮಿಲ್ಲಿನ ಯಜಮಾನರೊಬ್ಬರು ಕೆಲವು ಕಾಲ ಓಡಿಸಿದ ಅಂಬಾಸಿಡರನ್ನು ನಮ್ಮ ದೊಡ್ಡಪ್ಪನವರು ಕೊಂಡು ಊರಿಗೆ ತಂದರು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚನ್ನು ಅನುಸರಿಸಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು 1950ರ ದಶಕದ ಉತ್ತರಾರ್ಧದಿಂದ 2014ರವರೆಗೆ ತಯಾರಿಸಿದ ಈ ಗಾಡಿಯು, ನಮ್ಮ ಸೀಮೆಯಲ್ಲಿ ಮದುವೆಯ ದಿಬ್ಬಣಕ್ಕೂ ಹೆರಿಗೆಯ ತುರ್ತಿಗೂ ತುಮಕೂರಿನ ಕೋರ್ಟಿನ ವಾಯಿದೆಗೂ ಸಮಾನವಾಗಿ ಒದಗಿಬಂದ ಬಂಧುವಿನಂಥದು. ದೊಡ್ಡಪ್ಪನವರು ತೀರಿಕೊಂಡ ಮೇಲೆ ಅದು ಹನ್ನೊಂದು ವರ್ಷ ಕಡಲೆಕಾಯಿ ಮೂಟೆಗಳ ಪಕ್ಕದಲ್ಲಿ, ಇಲಿಗಳ ಸಹವಾಸದಲ್ಲಿ ನಿಂತಿತ್ತು.

ಮೊದಲನೆಯ ಸಲ ಬಣ್ಣ ಮಾಡಿಸಿದ್ದು ಮನೆಯಲ್ಲಿ ನಡೆಯಬೇಕಾಗಿದ್ದ ಮದುವೆಯೊಂದರ ಅವಸರಕ್ಕೆ. ಶ್ರಾವಣಮಾಸ, ಹತ್ತಿರದ ಪಟ್ಟಣವೊಂದರ ಗ್ಯಾರೇಜಿಗೆ ಗಾಡಿಯನ್ನು ಬಿಟ್ಟು ಹನ್ನೆರಡು ದಿನಗಳಲ್ಲಿ ಬಿಳಿಯ ಗಾಡಿಯನ್ನು ಹಿಂದಕ್ಕೆ ತಂದೆವು. ಅಂಗಳದಲ್ಲಿ ನಿಲ್ಲಿಸಿದಾಗ ಚಪ್ಪರದ ಮಾವಿನೆಲೆ ಅದರ ಬಾನೆಟ್ಟಿನಲ್ಲಿ ಕಾಣುತ್ತಿತ್ತು. ನೋಡಿದವರೆಲ್ಲರೂ ಮೆಚ್ಚಿದರು, ನಾನೂ ಮೆಚ್ಚಿದೆ. ಮುಂದಿನ ಯುಗಾದಿಯ ಹೊತ್ತಿಗೆ ಬಾಗಿಲುಗಳ ಕೆಳಗಿನ ಪಟ್ಟಿಯುದ್ದಕ್ಕೂ ಸಿಡುಬಿನಂತೆ ಗುಳ್ಳೆಗಳೆದ್ದವು. ಒಂದನ್ನು ಉಗುರಿನಿಂದ ಒತ್ತಿದರೆ ಒಳಗಿನಿಂದ ತುಕ್ಕಿನ ನೀರು ಜಿನುಗಿತು. ಬಾನೆಟ್ಟಿನ ಮೇಲೆ ಅಲ್ಲಲ್ಲಿ ಬಣ್ಣವು ಹಿಂದೆ ಸರಿದು, ಮೀನಿನ ಕಣ್ಣಿನಂತೆ ದುಂಡಗಿನ ಸಣ್ಣ ಕುಳಿಗಳು ಬಿದ್ದಿದ್ದವು. ಮೇಲ್ಛಾವಣಿಯ ಬಿಳುಪು ಬಿಳುಪಾಗಿ ಉಳಿಯದೆ, ಮಂಜು ಕವಿದ ಕನ್ನಡಿಯ ಹಾಗೆ ಮಬ್ಬಾಗಿತ್ತು.

ಈ ಮೂರು ದೋಷಗಳಿಗೂ ಮೂರು ಬೇರೆ ಕಾರಣಗಳಿವೆಯೆಂಬುದನ್ನು ನಾನು ತಿಳಿದದ್ದು ಆಮೇಲೆ. ಕಬ್ಬಿಣವು ತುಕ್ಕಾದಾಗ ಅದರ ಗಾತ್ರ ಎರಡು ಮಡಿಗೂ ಮೀರಿ ಬೆಳೆಯುತ್ತದೆ. ಆದಕಾರಣ ತುಕ್ಕನ್ನು ಬುಡಸಹಿತ ತೆಗೆಯದೆ ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ, ಒಳಗಿನ ತುಕ್ಕು ಬೆಳೆಯುತ್ತಾ ಬೆಳೆಯುತ್ತಾ ಮೇಲಿನದನ್ನೆಲ್ಲ ಎತ್ತಿಹಾಕುತ್ತದೆ. ಅದೂ ಅಲ್ಲದೆ ಈಗ ಎಲ್ಲರೂ ಬಳಸುವ ಪಾಲಿಯೆಸ್ಟರ್ ಪುಟ್ಟಿಯು ಸ್ಪಂಜಿನಂತೆ ಸೂಕ್ಷ್ಮರಂಧ್ರಗಳುಳ್ಳದ್ದು. ಅದನ್ನು ಒಣ ಮರಳುಕಾಗದದಲ್ಲಿಯೇ ಉಜ್ಜಬೇಕು. ನೀರು ಹಾಕಿ ಉಜ್ಜಿದರೆ ಆ ನೀರು ಒಳಗೆ ಸೇರಿಕೊಂಡು ತಗಡನ್ನು ಮುಟ್ಟುತ್ತದೆ, ಮೇಲೆ ಬಣ್ಣ ಬಿದ್ದ ಬಳಿಕ ಅದಕ್ಕೆ ಹೊರಬರುವ ದಾರಿಯಿಲ್ಲ. ಮೀನುಕಣ್ಣಿಗೆ ಕಾರಣ ಜಿಡ್ಡು. ಎಣ್ಣೆ ಮಿಲ್ಲಿನ ಅಂಗಳದಲ್ಲಿ ವರ್ಷಗಟ್ಟಲೆ ನಿಂತು, ಆಮೇಲೆ ಕಡಲೆಕಾಯಿಯ ಮೂಟೆಗಳಿಗೆ ಒರಗಿಕೊಂಡಿದ್ದ ಗಾಡಿಯ ಮೈಮೇಲೆ ಎಷ್ಟು ಜಿಡ್ಡು ಕೂತಿದ್ದೀತೆಂಬುದನ್ನು ಯಾರೂ ಯೋಚಿಸಲಿಲ್ಲ. ಹೊಳಪಿಗಾಗಿ ಹಚ್ಚುವ ಸಿಲಿಕೋನ್ ಪಾಲಿಶ್ ಇದಕ್ಕಿಂತಲೂ ಕೆಟ್ಟ ವೈರಿ. ಇನ್ನು ಮಬ್ಬಿನ ವಿಷಯ. ಮಣ್ಣಿನ ಹೂಜಿಯ ಮೈಯಿಂದ ನೀರು ಆರುವಾಗ ಒಳಗಿನ ನೀರು ಹೇಗೆ ತಣ್ಣಗಾಗುವುದೋ, ಹಾಗೆಯೇ ಬಣ್ಣದಲ್ಲಿರುವ ಥಿನ್ನರು ಆರುವಾಗ ತಗಡಿನ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ಸೋನೆಮಳೆಯ ತೇವವಿದ್ದರೆ ಅದು ಹಸಿಬಣ್ಣದ ಮೇಲೆಯೇ ಹನಿಯಾಗಿ ಇಳಿದು ಪದರದಲ್ಲಿ ಸೆರೆಯಾಗುತ್ತದೆ. ವರ್ಷವಿಡೀ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಕಾಣುವ ಈ ಬಯಲುಸೀಮೆಯಲ್ಲಿದ್ದುಕೊಂಡು, ಮೋಡ ಮುಸುಕಿದ ಕೆಲವೇ ವಾರಗಳನ್ನು ನಾವು ಬಣ್ಣಕ್ಕೆ ಆರಿಸಿಕೊಂಡದ್ದು ಎಂಥ ಅವಿವೇಕವೆಂದು ಇಂದಿಗೂ ನೋವಾಗುತ್ತದೆ.

ಎರಡನೆಯ ಸಲ ನಾನು ಹೋದದ್ದು ಶಿರಾದ ಒಬ್ಬ ಹಿರಿಯ ಪೇಂಟರ್ ಮೇಸ್ತ್ರಿಯವರಲ್ಲಿಗೆ. ಅವರು ಗಾಡಿಯ ಸುತ್ತ ಒಂದು ಸಲ ನಡೆದು, ಗುಳ್ಳೆಗಳನ್ನು ನೋಡಿ, ಹಿಂದೆ ಕೆಲಸ ಮಾಡಿದವರನ್ನು ಕುರಿತು ಒಂದು ಮಾತನ್ನೂ ಆಡದೆ, ಇಷ್ಟೇ ಹೇಳಿದರು: “ಸ್ವಾಮಿ, ಬಣ್ಣ ಯಾವ್ದನ್ನೂ ಮುಚ್ಚಲ್ಲ. ತಗ್ಡಲ್ಲಿ ಏನೈತೋ ಅದನ್ನೇ ದೊಡ್ಡದು ಮಾಡಿ ತೋರ್ಸುತ್ತೆ. ಎರಡೂವರೆ ತಿಂಗ್ಳು ಬಿಡೋದಾದ್ರೆ ಬಿಡಿ, ಇಲ್ದಿದ್ರೆ ತಗೊಂಡೋಗಿ.” ಬಿಟ್ಟೆ. ಮೇಸ್ತ್ರಿಯವರ ಈ ಮಾತನ್ನು ನನ್ನ ಓದುಗರಿಗೆ ಮುಟ್ಟಿಸುವುದೇ ಈ ಬರಹದ ಮುಖ್ಯ ಉದ್ದೇಶ. ಬಣ್ಣದ ಕೆಲಸದಲ್ಲಿ ಬಣ್ಣದ ಪಾಲು ಅತ್ಯಲ್ಪ. ಕಾರ್ಖಾನೆಯಿಂದ ಹೊರಬರುವ ಗಾಡಿಯ ಮೇಲಿನ ಎಲ್ಲ ಲೇಪಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನು, ಅಂದರೆ ತಲೆಗೂದಲು ಎರಡನ್ನು ಒಂದರ ಮೇಲೊಂದಿಟ್ಟಷ್ಟು ದಪ್ಪ. ಅಷ್ಟು ತೆಳುವಾದ ಹೊದಿಕೆಯು ಒಳಗಿನ ಯಾವ ಕುಂದನ್ನು ಮರೆಮಾಡೀತು?

ನಮ್ಮ ಹಳ್ಳಿಗಳಿಗೆ ಹಿಂದೆ ಬರುತ್ತಿದ್ದ ಕಲಾಯಿಯವನನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾದೀತು. ಅವನು ತವರವನ್ನು ಪಾತ್ರೆಗೆ ಬಳಿಯುವುದು ಕೊನೆಯ ಕ್ಷಣದ ಕೆಲಸ. ಅದಕ್ಕೆ ಮೊದಲು ಪಾತ್ರೆಯನ್ನು ತಿಕ್ಕಿ, ಕಾಯಿಸಿ, ನವಸಾಗರದ ಪುಡಿಯೆರಚಿ ಶುದ್ಧಿಮಾಡುವುದೇ ಅವನ ವಿದ್ಯೆ, ಏಕೆಂದರೆ ಕಿಲುಬಿರುವಲ್ಲಿ ತವರ ಹರಡದು. ಪುಟ್ಟಿ ಬರುವುದಕ್ಕೆ ಮೊದಲು ಮೋಟಾರು ಗಾಡಿಗಳ ನೆಗ್ಗುಗಳನ್ನು ತುಂಬುತ್ತಿದ್ದುದೂ ತವರ ಸೀಸಗಳನ್ನು ಬೆರೆಸಿ ಕರಗಿಸಿದ ಬೆಸುಗೆಯಿಂದಲೇ. ನಮ್ಮ ಮೇಸ್ತ್ರಿಯವರು ಮೊದಲು ಗಾಡಿಯ ಮೈಯನ್ನೆಲ್ಲ ಥಿನ್ನರಿನಿಂದ ಒರೆಸಿ ಒರೆಸಿ ಜಿಡ್ಡು ತೆಗೆದರು. ಬಟ್ಟೆ ಕೊಳೆಯಾಗುವುದು ನಿಲ್ಲುವವರೆಗೆ ಬಟ್ಟೆ ಬದಲಾಯಿಸಿದರು. ಆಮೇಲೆ ತುಕ್ಕು ತಿಂದ ಪಟ್ಟಿಗಳನ್ನು ಕತ್ತರಿಸಿ ತೆಗೆಸಿ, ಹೊಸ ತಗಡನ್ನು ಬೆಸೆಸಿ, ಟಿಂಕರಿಂಗಿನವರಿಂದ ನೆಗ್ಗುಗಳನ್ನು ಹಿಂದಿನಿಂದ ತಟ್ಟಿಸಿ, ಬರಿಯ ಉಕ್ಕಿನ ಮೇಲೆ ಎಪಾಕ್ಸಿ ಪ್ರೈಮರ್ ಕೊಟ್ಟರು. ಪುಟ್ಟಿ ಬಂದದ್ದು ಅದರ ತರುವಾಯ. ಅದೂ ಎಲ್ಲಿ ತಟ್ಟಿದರೂ ಸಮನಾಗಲಿಲ್ಲವೋ ಅಲ್ಲಿ ಮಾತ್ರ, ದೋಸೆಯ ಕಾವಲಿಗೆ ಎಣ್ಣೆ ಸವರಿದಷ್ಟು ತೆಳ್ಳಗೆ.

ಸಮತಲವನ್ನು ಅವರು ಪರೀಕ್ಷಿಸುತ್ತಿದ್ದ ಬಗೆಯನ್ನು ನಾನು ಬಹಳ ಹೊತ್ತು ನಿಂತು ನೋಡಿದ್ದೇನೆ. ಅಂಗೈ ಕೆಳಗೆ ತೆಳುವಾದ ಮಲ್ಲಿನ ತುಂಡೊಂದನ್ನಿಟ್ಟುಕೊಂಡು, ಕಣ್ಣು ಮುಚ್ಚಿ, ಬಾನೆಟ್ಟಿನ ಉದ್ದಕ್ಕೂ ಎಡಗೈಯನ್ನು ಮೆಲ್ಲನೆ ಎಳೆಯುವರು. ಬಲಗೈಯ ಚರ್ಮ ದುಡಿದು ಜಡ್ಡುಗಟ್ಟಿರುವುದರಿಂದ ಅದಕ್ಕೆ ಸೂಕ್ಷ್ಮ ತಿಳಿಯದೆಂದು ಅವರ ಮತ. ಕಣ್ಣಿಗೆ ಕಾಣದ ತಗ್ಗು ಆ ಕೈಗೆ ಸಿಕ್ಕುತ್ತಿತ್ತು. ಸಂದೇಹ ಬಂದಲ್ಲಿ, ಬಣ್ಣಕ್ಕೆ ಮೊದಲು ಹೊಡೆಯುವ ಬೂದುಬಣ್ಣದ ಸರ್ಫೇಸರಿನ ಮೇಲೆ ತೀರ ನೀರಾದ ಕಪ್ಪು ಬಣ್ಣವನ್ನು ಹಿಟ್ಟು ಉದುರಿಸಿದಂತೆ ಚಿಮುಕಿಸಿ, ಮರದ ತುಂಡಿಗೆ 400ನೆಯ ನಂಬರಿನ ವಾಟರ್ ಪೇಪರ್ ಸುತ್ತಿ ಉಜ್ಜಿದರೆ, ಎತ್ತರದ ಜಾಗಗಳಲ್ಲಿ ಕಪ್ಪು ಮೊದಲು ಹೋಗಿ ತಗ್ಗಿನಲ್ಲಿ ಉಳಿದುಕೊಳ್ಳುತ್ತದೆ. ಕೆರೆ ಬತ್ತುವಾಗ ಆಳದ ಗುಂಡಿಗಳಲ್ಲಿ ಮಾತ್ರ ನೀರು ನಿಂತ ಹಾಗೆ. ಆ ಕಪ್ಪು ಚುಕ್ಕೆಗಳೆಲ್ಲ ಮಾಯವಾಗುವವರೆಗೆ ಅವರು ನಾಲ್ಕು ಸಲ ಸರ್ಫೇಸರ್ ಹೊಡೆದು ನಾಲ್ಕು ಸಲ ಉಜ್ಜಿದರು.

ಈಗ ಬಣ್ಣದ ಆಯ್ಕೆಯ ಮಾತು. ಹಳೆಯ ಲೇಪವನ್ನು ಓರೆಯಾಗಿ ಉಜ್ಜಿದಾಗ, ಚೌತಿಗೊಮ್ಮೆ ಯುಗಾದಿಗೊಮ್ಮೆ ಸುಣ್ಣ ಕಂಡ ಹಳೆಯ ಮನೆಯ ಗೋಡೆಯಂತೆ, ಪದರದ ಒಳಗೆ ಪದರ ಕಾಣಿಸಿತು: ನಮ್ಮ ಬಿಳುಪು, ಅದರ ಕೆಳಗೆ ದೊಡ್ಡಪ್ಪನವರು ಹೊಡೆಸಿದ್ದ ಇನ್ನೊಂದು ಬಿಳುಪು, ಅದರ ಕೆಳಗೆ ಯಾರ ನೆನಪಿನಲ್ಲಿಯೂ ಇಲ್ಲದ ಒಂದು ಕಂದುಗೆಂಪು, ಎಲ್ಲಕ್ಕೂ ಕೆಳಗೆ ಪ್ರೈಮರಿನ ಮೇಲೆ ಹಸಿರಿನದೊಂದು ಗೆರೆ. ಹಿಂದಿನ ಸೀಟನ್ನು ಕಿತ್ತು ಅದರ ಹಿಂಬದಿಯ ತಗಡಿನ ಧೂಳನ್ನು ಒರೆಸಿದಾಗ, ಯಾವ ಗ್ಯಾರೇಜಿನ ಗನ್ನೂ ತಲುಪದ ಆ ಕತ್ತಲೆಯಲ್ಲಿ ಅದೇ ಹಸಿರು ಒಂದು ಮೊಳದಗಲ ಅಖಂಡವಾಗಿ ಉಳಿದಿತ್ತು. ಅವರೆಕಾಯಿಯ ಸಿಪ್ಪೆಯ ಒಳಮೈಯಲ್ಲಿರುವ, ಬೂದಿಯ ಛಾಯೆ ಬೆರೆತ ಮಾಸಲು ಹಸಿರು. ಆರ್‌ಸಿ ಪುಸ್ತಕವನ್ನು ತೆಗೆದು ನೋಡಿದರೆ ಬಣ್ಣದ ಅಂಕಣದಲ್ಲಿಯೂ ಹಸಿರೆಂದೇ ಬರೆದಿದೆ. ಅರ್ಧ ಶತಮಾನದಲ್ಲಿ ಅದನ್ನು ಯಾರೂ ಓದಿರಲಿಲ್ಲ. ನನಗೆ ಬಿಳಿಯ ಅಂಬಾಸಿಡರಿನ ಮೇಲೆ ಮೋಹವಿದ್ದುದು ನಿಜ, ಆದರೆ ಆ ಮೊಳದಗಲ ಹಸಿರನ್ನು ಕಂಡ ಮೇಲೆ ಬೇರೆ ಬಣ್ಣದ ಯೋಚನೆಯೇ ಬರಲಿಲ್ಲ. ಗಾಡಿ ಹುಟ್ಟಿದ ಬಣ್ಣವೇ ಅದಕ್ಕೆ ವಿಹಿತವಾದ ಬಣ್ಣವೆಂಬುದು ಅಂದಿನಿಂದ ನನ್ನ ದೃಢವಾದ ಅಭಿಪ್ರಾಯ. ಒಂದು ಎಚ್ಚರಿಕೆ ಹೇಳತಕ್ಕದ್ದು: ಮಾದರಿಗೆಂದು ಬಿಸಿಲಿನಲ್ಲಿ ಸುಣ್ಣದಂತೆ ಪುಡಿಯೆದ್ದ ಭಾಗವನ್ನು ಕೊಂಡೊಯ್ಯಬೇಡಿ, ಮರೆಯಲ್ಲಿ ಉಳಿದ ಭಾಗವನ್ನೇ ರಬ್ಬಿಂಗ್ ಕಾಂಪೌಂಡಿನಿಂದ ಮೆಲ್ಲಗೆ ಉಜ್ಜಿ ನಿಜವಾದ ಬಣ್ಣವನ್ನು ಹೊರತಂದು ತೋರಿಸಿ, ಬೆರೆಸಿಕೊಟ್ಟ ಬಣ್ಣವನ್ನು ತಗಡಿನ ತುಂಡಿನ ಮೇಲೆ ಹೊಡೆಸಿ, ಪೂರ್ತಿ ಆರಿದ ಮೇಲೆ ನೆರಳಿನಲ್ಲಿಯೂ ಬಿಸಿಲಿನಲ್ಲಿಯೂ ಹೋಲಿಸಿ ನೋಡಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಂದಾಗಿ ಕಂಡ ಎರಡು ಹಸಿರುಗಳು ಹೊರಗೆ ಬಂದಾಗ ದಾಯಾದಿಗಳಾಗಿಬಿಡುವುದುಂಟು.

ಯಾವ ಜಾತಿಯ ಪೇಂಟು ಎಂಬುದು ಓದುಗರ ಎರಡನೆಯ ಪ್ರಶ್ನೆ. ಇದರ ಉತ್ತರಕ್ಕೆ ಅರಗಿನಿಂದಲೇ ತೊಡಗಬೇಕು. ಅರಗಿಗೆ ಸಂಸ್ಕೃತದಲ್ಲಿ ಲಾಕ್ಷಾ ಎಂದು ಹೆಸರಿರುವುದಷ್ಟೆ. ಇಂಗ್ಲಿಷಿನವರ ಲ್ಯಾಕರ್ ಎಂಬ ಮಾತಿನ ಬೇರು ಅದೇ. ಚನ್ನಪಟ್ಟಣದ ಬೊಂಬೆಗಳ ಹೊಳಪು ಅರಗಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಸ್ಥಾಪಿಸಿದ, ಈಗ ಚುನಾವಣೆಯ ಅಳಿಸಲಾಗದ ಶಾಯಿಗೆ ಪ್ರಸಿದ್ಧವಾದ ಬಣ್ಣದ ಕಾರ್ಖಾನೆಗೆ ಮೊದಲಿದ್ದ ಹೆಸರೂ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದೇ. ಮೋಟಾರು ಗಾಡಿಗಳ ಆರಂಭಕಾಲದಲ್ಲಿ ಸಾರೋಟಿಗೆ ಹಚ್ಚುತ್ತಿದ್ದ ವಾರ್ನಿಶ್ಶನ್ನೇ ಪದರಪದರವಾಗಿ ಹಚ್ಚಿ ವಾರಗಟ್ಟಲೆ ಒಣಗಿಸಬೇಕಾಗುತ್ತಿತ್ತು. 1920ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿಯವರು ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ಪಡೆದ ನೈಟ್ರೋಸೆಲ್ಯುಲೋಸಿನಿಂದ ಡ್ಯೂಕೋ ಎಂಬ ಲೇಪವನ್ನು ತಯಾರಿಸಿ, 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳಿಗೆ ಅದರ ನೀಲಿಬಣ್ಣ ಹೊಡೆದಾಗ, ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮ ಗ್ಯಾರೇಜುಗಳಲ್ಲಿ ಎನ್‌ಸಿ ಪೇಂಟ್ ಎನ್ನುವುದು ಇದನ್ನೇ. ಬಂದೂಕಿನ ಮದ್ದಿಗೆ ಸೋದರಸಂಬಂಧಿಯಾದ ಈ ಬಣ್ಣವು ಪಾಂಡವರ ಅರಗಿನ ಮನೆಯಷ್ಟೇ ಸುಲಭವಾಗಿ ಹತ್ತಿಕೊಳ್ಳತಕ್ಕದ್ದು. ಅದಿರುವಲ್ಲಿ ಬೀಡಿ ಹಚ್ಚಲಾಗದು.

ಎನ್‌ಸಿ ಬಣ್ಣವು ಕೆಸರು ಒಣಗಿದಂತೆ ಒಣಗುತ್ತದೆ: ಥಿನ್ನರು ಹಾರಿಹೋಗುತ್ತದೆ, ಬಣ್ಣ ಉಳಿಯುತ್ತದೆ, ಮತ್ತೆ ಥಿನ್ನರು ತಾಗಿದರೆ ಮತ್ತೆ ಕರಗುತ್ತದೆ. ಆದ್ದರಿಂದ ತಪ್ಪನ್ನು ತಿದ್ದುವುದು ಸುಲಭ, ಆದರೆ ಬಿಸಿಲಿಗೂ ಚೆಲ್ಲಿದ ಪೆಟ್ರೋಲಿಗೂ ಅದು ಬೇಗ ಸೋಲುತ್ತದೆ. ಈಗಿನ ಪಿಯು, ಎಂದರೆ ಪಾಲಿಯುರೆಥೇನ್, ಬಣ್ಣ ಹಾಗಲ್ಲ. ಹಾಲಿಗೆ ಹೆಪ್ಪು ಹಾಕಿದಂತೆ ಅದಕ್ಕೆ ಹಾರ್ಡನರ್ ಬೆರೆಸಬೇಕು, ಬೆರೆಸಿದ ಮೇಲೆ ಕೆಲವು ಗಂಟೆಗಳೊಳಗೆ ಹೊಡೆದು ಮುಗಿಸಬೇಕು, ಒಮ್ಮೆ ಗಟ್ಟಿಯಾದದ್ದು, ಮೊಸರು ಹಾಲಾಗದಂತೆ, ಹಿಂದಕ್ಕೆ ಬಾರದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿರುವಂತೆ ನೆರಳಿನಲ್ಲಿ ನಿಂತು ದರ್ಶನ ಕೊಡುವ ಗಾಡಿಗಾದರೆ ಎನ್‌ಸಿಯ ಮೃದುವಾದ ಕಾಂತಿಗೆ ಸಮನಾದುದಿಲ್ಲ. ಶಿರಾದ ಬಿಸಿಲಿನಲ್ಲಿ ಓಡಬೇಕಾದ ನಮ್ಮ ಗಾಡಿಗೆ ನಾನು ಪಿಯು ಬಣ್ಣವನ್ನೇ ಒಪ್ಪಿದೆ, ಆದರೆ ಮೇಲೆ ಗಾಜಿನಂಥ ಕ್ಲಿಯರ್ ಕೋಟ್ ಬೇಡವೆಂದೆ. ನೀರಿನಲ್ಲಿ ಅದ್ದಿದಂಥ ಆ ಹೊಳಪು ಅಂದಿನ ಗಾಡಿಗಳಿಗೆ ಇರಲಿಲ್ಲ. ಹಾರ್ಡನರಿನಲ್ಲಿರುವ ಐಸೋಸಯನೇಟ್ ಎಂಬ ದ್ರವ್ಯವು ಉಸಿರಿನೊಡನೆ ಒಳಹೊಕ್ಕರೆ ಜೀವನಪರ್ಯಂತ ಆಸ್ತಮಾ ತರಬಲ್ಲದು. ಟವೆಲನ್ನು ಮೂಗಿಗೆ ಕಟ್ಟಿಕೊಂಡು ಈ ಬಣ್ಣ ಹೊಡೆಯುವ ಹುಡುಗರನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅವರ ಕೆಮ್ಮನ್ನೂ ಕೇಳಿದ್ದೇನೆ. ಟವೆಲು ಇದನ್ನು ತಡೆಯದು. ಹೊರಗಿನ ಶುದ್ಧವಾದ ಗಾಳಿಯನ್ನು ಪೈಪಿನಲ್ಲಿ ತರುವ ಮುಖವಾಡ ಇಲ್ಲದ ಕಡೆ ಪಿಯು ಬಣ್ಣ ಹೊಡೆಸಬೇಡಿ. ಆ ಮುಖವಾಡದ ಬಾಡಿಗೆಯನ್ನು ಗಾಡಿಯ ಯಜಮಾನರೇ ಕೊಡುವುದು ನ್ಯಾಯ. ನಾನು ಕೊಟ್ಟೆ.

ಬಣ್ಣದ ದಿನ ಬಂದದ್ದು ಮಾಘಮಾಸದಲ್ಲಿ. ಆಷಾಢದ ಗಾಳಿಯಿಲ್ಲ, ಶ್ರಾವಣದ ತೇವವಿಲ್ಲ, ಕಡಲೆಕಾಯಿ ಬಿಡಿಸುವ ಕಾಲದ ಕೆಂಧೂಳೂ ಅಡಗಿದೆ. ಹಿಂದಿನ ಸಂಜೆಯೇ ಶೆಡ್ಡಿನ ಗೋಡೆಗಳಿಗೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದ್ದರು. ಬೆಳಗಿನ ಇಬ್ಬನಿ ಆರಿ ಹತ್ತು ಗಂಟೆಯಾಗುವವರೆಗೆ ಮೇಸ್ತ್ರಿಯವರು ಗನ್ನನ್ನು ಮುಟ್ಟಲಿಲ್ಲ. ಕಂಪ್ರೆಸರಿನ ಟ್ಯಾಂಕಿನಲ್ಲಿ ಸೇರಿದ ನೀರನ್ನು ಬಸಿದರು, ಗಾಡಿಯ ಮೈಯನ್ನು ಇನ್ನೊಮ್ಮೆ ಒರೆಸಿದರು. ಆಮೇಲೆ ಛಾವಣಿಯಿಂದ ಪ್ರಾರಂಭ. ಒಂದು ಗೇಣಿಗೆ ಸ್ವಲ್ಪ ಕಡಿಮೆ ದೂರದಲ್ಲಿ ಗನ್ನು. ಮಣಿಕಟ್ಟನ್ನು ತಿರುಗಿಸದೆ ಇಡೀ ತೋಳೇ ಸರಳರೇಖೆಯಲ್ಲಿ ಸಾಗಬೇಕು. ತಗಡು ಬರುವುದಕ್ಕೆ ಮೊದಲೇ ಕುದುರೆಯನ್ನು ಒತ್ತಿ, ತಗಡು ಮುಗಿದ ಮೇಲೆಯೇ ಬಿಡಬೇಕು. ಒಂದು ಪಟ್ಟೆಯ ಅರ್ಧವನ್ನು ಮುಂದಿನ ಪಟ್ಟೆ ಮುಚ್ಚಬೇಕು. ಬೂದುಬಣ್ಣದ ಮೈಮೇಲೆ ಆ ಹಸಿರು ಒದ್ದೆಯಾದ ಅಂಚಿನೊಡನೆ ಮುಂದೆ ಮುಂದೆ ಹರಿಯುವುದನ್ನು ಪ್ಲಾಸ್ಟಿಕ್ ಹಾಳೆಯ ಹೊರಗಿನಿಂದ ನೋಡುತ್ತ ನಾನು ಮಾತಿಲ್ಲದೆ ನಿಂತಿದ್ದೆ. ಕಾಲು ಗಂಟೆ ಬಿಟ್ಟು ಎರಡನೆಯ ಕೋಟು. ಎರಡೂವರೆ ತಿಂಗಳ ಕೆಲಸದಲ್ಲಿ ಬಣ್ಣಕ್ಕೆ ಹಿಡಿದದ್ದು ಮಧ್ಯಾಹ್ನದ ಊಟದೊಳಗಿನ ಮೂರು ಗಂಟೆ.

ಹೊಸ ಬಣ್ಣದ ಆರೈಕೆಯನ್ನು ಕುರಿತು ಎರಡೇ ಮಾತು. ಮೊದಲ ಕೆಲವು ವಾರ ವ್ಯಾಕ್ಸ್ ಹಚ್ಚದೆ ಬರಿಯ ನೀರಿನಿಂದ ತೊಳೆಯಿರಿ, ಪ್ಲಾಸ್ಟಿಕ್ ತಾಡಪಾಲಿನಿಂದ ಮುಚ್ಚಬೇಡಿ. ಬಣ್ಣದೊಳಗಿನ ದ್ರಾವಕ ಇನ್ನೂ ಹೊರಬರುತ್ತಿರುತ್ತದೆ. ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಕಗ್ಗಲಡಿಗೆ ಹಕ್ಕಿ ನೋಡಲು ಹೋದರಂತೂ ಅಲ್ಲಿನ ಹುಣಸೆಮರಗಳ ಕೆಳಗೆ ಗಾಡಿ ನಿಲ್ಲಿಸಬೇಡಿ; ಹಿಕ್ಕೆಯ ಆಮ್ಲವು ಹಸಿಬಣ್ಣವನ್ನು ಒಂದೇ ಮಧ್ಯಾಹ್ನದಲ್ಲಿ ತಿನ್ನಬಲ್ಲದು.

ಬಣ್ಣ ಬದಲಾದರೆ ಅದನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಹುಟ್ಟಿನ ಬಣ್ಣಕ್ಕೆ ಮರಳಿದ ನಮಗೆ ಆ ಓಡಾಟವೂ ತಪ್ಪಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಗಾಡಿಗಳಿಗೆ 2021ರ ಕೇಂದ್ರ ನಿಯಮಗಳಂತೆ ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ನೋಂದಣಿ ದೊರೆಯುತ್ತದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಿಸಲು 5,000. ಗಾಡಿ ಮೂಲಸ್ವರೂಪದಲ್ಲಿ ಉಳಿದಿರಬೇಕೆಂಬುದು ಅದಕ್ಕಿರುವ ಷರತ್ತು, ಮತ್ತು ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರತಿನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂತೆಗೂ ನೆಂಟರ ಮನೆಗೂ ಗಾಡಿಯಲ್ಲಿಯೇ ಹೋಗಬೇಕೆನ್ನುವವರು ಮಧುಗಿರಿಯ ಆರ್‌ಟಿಒ ಕಚೇರಿಯಲ್ಲಾಗಲಿ ತುಮಕೂರಿನಲ್ಲಾಗಲಿ ವಿಚಾರಿಸಿ, ಯೋಚಿಸಿ ಅರ್ಜಿ ಹಾಕುವುದು ಲೇಸು.

ಹಿಂದಿನ ಸೀಟಿನ ಬೆನ್ನಿಗಿರುವ ಆ ಮೊಳದಗಲ ಹಸಿರಿಗೆ ನಾವು ಬಣ್ಣ ಹೊಡೆಸಲಿಲ್ಲ. ಮೇಸ್ತ್ರಿಯವರೇ ಅದರ ನಾಲ್ಕು ಅಂಚಿಗೂ ಟೇಪ್ ಅಂಟಿಸಿ, ಮೇಲೆ ಹಳೆಯ ದಿನಪತ್ರಿಕೆ ಹೊದಿಸಿ, ಗನ್ನಿನಿಂದ ಕಾಪಾಡಿದರು. ಪಾವಗಡದಿಂದ ಎರಡು ಸಲ ಕಾಗದ ಬರೆದು, ತಮ್ಮ ತಂದೆಯವರ ಫಿಯಟ್ಟಿಗೆ ಕೆಂಪು ಒಪ್ಪೀತೇ ಕಪ್ಪು ಒಪ್ಪೀತೇ ಎಂದು ಕೇಳಿರುವ ಮಹನೀಯರು, ಅಂಗಡಿಯವರ ಬಣ್ಣದ ಪುಸ್ತಕವನ್ನು ತೆರೆಯುವುದಕ್ಕೆ ಮೊದಲು ಒಂದು ಸ್ಪ್ಯಾನರನ್ನೂ ಒಂದು ಒದ್ದೆಬಟ್ಟೆಯನ್ನೂ ಟಾರ್ಚನ್ನೂ ತೆಗೆದುಕೊಂಡು ಕೊಟ್ಟಿಗೆಗೆ ಹೋಗಿ ಹಿಂದಿನ ಸೀಟನ್ನು ಬಿಚ್ಚಿ ನೋಡಲಿ. ಅಲ್ಲಿ ಕಂಡದ್ದನ್ನು ನನಗೆ ಬರೆಯಲಿ.